ಹೂ ಉದುರಿದ ಪುಟ

ಆಷಾಢದಲ್ಲಿ ಹೂವನ್ನು ಕೇಳುವವರಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಯಶವಂತಪುರದ ಬೀದಿಯಲ್ಲಿ ಕಾಕಡ ಮಲ್ಲಿಗೆ ಬುಟ್ಟಿಗಟ್ಟಲೆ ಬಾಡುತ್ತದೆ. ಮಕ್ಕಳ ಕೈಗೆ ಧಾರಾಳವಾಗಿ ಹೂ ಕೊಡಬೇಕಾದರೆ ಇದೇ ತಕ್ಕ ತಿಂಗಳೆಂದು ನಂದಕುಮಾರ ಗೊತ್ತು ಮಾಡಿದ್ದ. ಮೆಟ್ರೋ ರೈಲು ಯಶವಂತಪುರಕ್ಕೆ ಬಂದು ಎರಡು ವರ್ಷವಾಗಿದ್ದ ಕಾಲ ಅದು. ಅವನದು ಮಾರುಕಟ್ಟೆಯ ಹತ್ತಿರ ಮಹಡಿಯ ಮೇಲಿನ ಸಣ್ಣ ಪ್ರಕಾಶನ. ಮಕ್ಕಳಿಗೆ ಕಥೆಯಲ್ಲ, ಲೋಕದ ನಿಜಸಂಗತಿಗಳನ್ನು ಚಿತ್ರದ ಮೂಲಕ ಹೇಳುವ ಪುಸ್ತಕಗಳನ್ನು ಮಾಡುತ್ತಿದ್ದ. ಕಪ್ಪೆ ಹೇಗೆ ಬೆಳೆಯುತ್ತದೆ, ಬಾವಿ ಹೇಗೆ ತೋಡುತ್ತಾರೆ, ಗಾಳಿಪಟ ಹೇಗೆ ಏರುತ್ತದೆ, ಇಂಥವು. ಈಗ ಹೊರಬರಬೇಕಾಗಿದ್ದುದು ಹೂ ಕಟ್ಟುವ ಪುಸ್ತಕ. ಅದರ ಚಿತ್ರ ಬರೆದವಳು ಸಂಯುಕ್ತಾ. ಚಿತ್ರದೊಳಗಿನ ಕೈಗಳು ಅವಳ ತಾಯಿ ಶಶಿರೇಖಮ್ಮನವು. ಸಂಯುಕ್ತಾ ತೀರಿಕೊಂಡದ್ದು ಹಿಂದಿನ ಕಾರ್ತಿಕದಲ್ಲಿ.

ಪುಸ್ತಕದ ವಿಷಯದಲ್ಲಿ ಶಶಿರೇಖಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆಕೆ ಹೆಬ್ಬಾಳದ ಹಳೆಯ ಊರಿನವಳು. ತಂದೆಯ ಕಾಲದಲ್ಲಿ ಕೆರೆಯ ಕೆಳಗೆ ಕಾಕಡದ ತೋಟವಿತ್ತು; ಈಗ ಅಲ್ಲಿ ಮೇಲುಸೇತುವೆಯ ಕಂಬಗಳಿವೆ. ಬಾಲ್ಯದಲ್ಲಿ ಕೈಗೆ ಬಂದ ಬಾಳೆನಾರು ಮದುವೆಯಾಗಿ ಆರ್.ಟಿ. ನಗರಕ್ಕೆ ಬಂದ ಮೇಲೂ, ಗಂಡ ತೀರಿಕೊಂಡ ಮೇಲೂ ಬಿಡಲಿಲ್ಲ. ಬೆಳಗ್ಗೆ ಮಿಂದು ಮುನೇಶ್ವರನ ಪಟಕ್ಕೆ ಒಂದು ಮೊಳ ಕಟ್ಟಿ ಏರಿಸದೆ ಆಕೆ ಕಾಫಿ ಕುಡಿದವಳಲ್ಲ. ಮಗಳು ಹೋದ ವರ್ಷ ಹಬ್ಬ ಮಾಡುವಂತಿಲ್ಲ, ಬಾಗಿಲಿಗೆ ತೋರಣ ಕಟ್ಟುವಂತಿಲ್ಲ. ಆದರೆ ದೀಪಕ್ಕೂ ಹೂವಿಗೂ ಯಾವ ಶಾಸ್ತ್ರವೂ ಅಡ್ಡ ಬರದೆಂದು ತಾನೇ ತೀರ್ಮಾನಿಸಿ, ಅಳು ಬಂದ ದಿನ ಅಳುತ್ತಲೇ ಕಟ್ಟಿದ್ದಳು. ಅಳುವಾಗಲೂ ಗಂಟು ಸಡಿಲವಾಗಿರಲಿಲ್ಲ.

ನಂದಕುಮಾರನ ಪ್ರಕಾಶನದಲ್ಲಿ ಒಂದು ಪದ್ಧತಿಯಿತ್ತು. ಅಚ್ಚಿಗೆ ಹೋಗುವ ಮುಂಚೆ ಪುಸ್ತಕದ ಕಚ್ಚಾ ಪ್ರತಿಯನ್ನು ಮೊದಲು ಕೆಲವು ದೊಡ್ಡವರಿಗೆ, ಆಮೇಲೆ ಯಾವುದಾದರೂ ಶಾಲೆಯ ಮಕ್ಕಳಿಗೆ ಕೊಟ್ಟು ಓದಿಸುವುದು, ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳುವುದು. ಇದನ್ನು ಶುರುಮಾಡಿದವಳು ಸಂಯುಕ್ತಾಳೇ. ಓದು ನಡೆಯುವಾಗ ಪಕ್ಕದಲ್ಲಿರುವ ದೊಡ್ಡವರು ಬಾಯಿ ಬಿಡಕೂಡದೆಂದು ಅವಳ ಕಟ್ಟಳೆ. ಕೈಯಲ್ಲಿ ಮಾಡುವ ಕೆಲಸದ ಪುಸ್ತಕವಾದರಂತೂ ಮಗು ಅದನ್ನು ನೋಡಿಯೇ ಮಾಡಿ ತೋರಿಸಬೇಕು. ಮಾಡಲಾಗದಿದ್ದರೆ ತಪ್ಪು ಪುಸ್ತಕದ್ದು, ಮಗುವಿನದಲ್ಲ. ಈ ಮಾತನ್ನು ಅವಳು ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳುತ್ತಿದ್ದಳು. ಶಶಿರೇಖಮ್ಮನಿಗೆ ಅದು ಬಾಯಿಪಾಠವಾಗಿತ್ತು.

ದೊಡ್ಡವರ ಅಭಿಪ್ರಾಯಗಳು ಮೊದಲು ಬಂದವು. ಒಂದು ಗ್ರಂಥಾಲಯದವರು, ಯಲಹಂಕದ ಒಬ್ಬ ನಿವೃತ್ತ ಹೆಡ್ಮಾಸ್ಟರು, ಮಕ್ಕಳ ವೈದ್ಯರೊಬ್ಬರು, ಇಬ್ಬರು ಮೂವರು ತಾಯಂದಿರು. ನಂದಕುಮಾರ ಶಶಿರೇಖಮ್ಮನನ್ನು ಕರೆಸಿ ಎಲ್ಲವನ್ನೂ ಓದಿ ಹೇಳಿದ. ಚಿತ್ರಗಳಲ್ಲಿ ಜೀವವಿದೆ ಎಂದು ಒಬ್ಬರು. ಆ ತಾಯಿಯ ಮುಖ ನೋಡಿ ಕಣ್ಣು ತುಂಬಿತೆಂದು ಇನ್ನೊಬ್ಬರು. ಇಂಥ ಪುಸ್ತಕ ಪ್ರತಿ ಮನೆಯಲ್ಲಿರಬೇಕೆಂದು ಹೆಡ್ಮಾಸ್ಟರು. ಕೇಳುತ್ತ ಶಶಿರೇಖಮ್ಮನ ಎದೆ ಉಬ್ಬಿತು. ನನ್ನ ಮಗಳ ಕೈ ಎಂದರೆ ಏನೆಂದುಕೊಂಡೆ ಎಂಬಂತೆ ನಂದಕುಮಾರನ ಮುಖ ನೋಡಿದಳು. ಅವನು ಕಾಗದಗಳನ್ನು ಜೋಡಿಸುವುದರಲ್ಲಿ ತೊಡಗಿದ್ದ.

ಮನೆಗೆ ಹೋಗುವ ಬಸ್ಸಿನಲ್ಲಿ ಒಂದು ಸಣ್ಣ ಮುಳ್ಳು ಚುಚ್ಚಿತು. ಮಗಳು ಇದ್ದಾಗ ಬರುತ್ತಿದ್ದ ಅಭಿಪ್ರಾಯಗಳು ಹೀಗಿರುತ್ತಿರಲಿಲ್ಲ. ಕಪ್ಪೆಗೆ ಮೂಗೇ ಇಲ್ಲವೆಂದು ಒಂದು ಹುಡುಗಿ ಜಗಳ ತೆಗೆದಿದ್ದಳು. ಬಾವಿಯ ಚಿತ್ರದಲ್ಲಿ ರಾಟೆಗೆ ಹಗ್ಗ ಸುತ್ತಿದ ರೀತಿ ನೋಡಿದರೆ ಕೊಡ ಮೇಲೆ ಬರುವುದು ಸುಳ್ಳು, ಸೇದುವವನೇ ಕೆಳಗೆ ಹೋಗುತ್ತಾನೆ ಎಂದು ಒಬ್ಬ ತಂದೆ ಬರೆದಿದ್ದ. ಸಂಯುಕ್ತಾ ಅವನ್ನು ಗಟ್ಟಿಯಾಗಿ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಮರುದಿನ ಹೊಸದಾಗಿ ಬರೆಯುತ್ತಿದ್ದಳು. ಬೈದರೆ ಓದಿದ್ದಾರೆ ಎಂದು ಅರ್ಥ ಎನ್ನುತ್ತಿದ್ದಳು. ಈ ಸಲ ಬೈಗುಳವೇ ಇಲ್ಲ. ಇರಲಿ, ಒಳ್ಳೆಯದನ್ನು ಯಾರು ತಾನೆ ಬೈದಾರು ಎಂದು ಶಶಿರೇಖಮ್ಮ ಸಮಾಧಾನ ಮಾಡಿಕೊಂಡಳು. ಆದರೂ ಮುಳ್ಳು ಪೂರ್ತಿ ಹೊರಬರಲಿಲ್ಲ.

ಮಕ್ಕಳ ಓದಿಗೆ ತಾನೂ ಹೋಗುತ್ತೇನೆಂದು ಆಕೆ ಹಟ ಹಿಡಿದದ್ದು ಅದಕ್ಕೇ. ಪುಸ್ತಕ ಮಾಡಿದ ಕಡೆಯವರು ಅಲ್ಲಿಗೆ ಬರಕೂಡದು, ಅದು ನಿಮ್ಮ ಮಗಳೇ ಮಾಡಿದ ಕಟ್ಟಳೆ ಎಂದು ನಂದಕುಮಾರ ನೆನಪಿಸಿದ.

"ನಾನೇನು ಬರೆದಿದೀನಾ? ಕೈ ಕೊಟ್ಟಿದೀನಿ ಅಷ್ಟೆ ಕಣಪ್ಪ," ಎಂದಳು ಶಶಿರೇಖಮ್ಮ. "ಕೊನೇಲಿ ಬಂದು ಮಕ್ಕಳು ಕಟ್ಟಿದ್ದ ನೋಡ್ಕೊಂಡು ಹೋಗ್ತೀನಿ. ಬಾಯಿ ಬಿಡಲ್ಲ."

ಅವನು ಇಲ್ಲವೆನ್ನಲಾರದೆ ಒಪ್ಪಿದ.

ಶಾಲೆ ಇದ್ದದ್ದು ಗೊರಗುಂಟೆಪಾಳ್ಯದಲ್ಲಿ, ತುಮಕೂರು ರಸ್ತೆಯ ಲಾರಿಗಳ ಸದ್ದು ಕಿಟಕಿಯಿಂದ ಒಳಗೇ ಬರುವಂಥ ಜಾಗ. ಶಶಿರೇಖಮ್ಮ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಹೋದಳು. ಐದನೆಯ ತರಗತಿಯ ಟೀಚರ್ ಗಂಗಾದೇವಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಮಕ್ಕಳು ಒಟ್ಟಾಗಿ ನಮಸ್ಕಾರ ಹೇಳಿದರು. ಮೇಜಿನ ಮೇಲೆ ಹಾಳೆಯ ರಾಶಿ. ಪ್ರತಿ ಹಾಳೆಯಲ್ಲೂ ಪುಸ್ತಕ ತುಂಬಾ ಚೆನ್ನಾಗಿದೆ, ಚಿತ್ರ ತುಂಬಾ ಚೆನ್ನಾಗಿದೆ ಎಂದು ಬರೆದಿತ್ತು. ಪಕ್ಕದಲ್ಲಿ ಒದ್ದೆ ಬಟ್ಟೆಯ ಮೇಲೆ ಕಟ್ಟಿದ ಹೂವಿನ ತುಂಡುಗಳನ್ನು ಸಾಲಾಗಿ ಮಲಗಿಸಿದ್ದರು. ನಂದಕುಮಾರನೂ, ಪ್ರಕಾಶನದಲ್ಲಿ ಪುಟ ಜೋಡಿಸುವ ಶಿಲ್ಪಳೂ ಗೋಡೆಗೆ ಒರಗಿ ನಿಂತಿದ್ದರು. ಶಿಲ್ಪ ಸಂಯುಕ್ತಾಳ ಗೆಳತಿ.

ಶಶಿರೇಖಮ್ಮ ಒಂದು ತುಂಡು ಎತ್ತಿಕೊಂಡು ಬೆರಳಲ್ಲಿ ಸವರಿದಳು. ಇನ್ನೊಂದನ್ನು ಎತ್ತಿದಳು. ಮತ್ತೊಂದನ್ನೂ ನೋಡಿದಳು. ಬರೆಯುವವರ ಅಕ್ಷರ ಹೇಗೋ ಕಟ್ಟುವವರ ಗಂಟೂ ಹಾಗೆ. ಬಲ್ಲವರಿಗೆ ಕೈ ಗುರುತು ಸಿಗುತ್ತದೆ. ಎಲ್ಲ ತುಂಡುಗಳಲ್ಲೂ ಅದೇ ಬಿಗಿ, ಅದೇ ಅಂತರ, ತೊಟ್ಟನ್ನು ಒಂದೇ ಅಳತೆಗೆ ಮುರಿದ ಅದೇ ಉಗುರು. ಬಾಯಿ ಬಿಡುವುದಿಲ್ಲವೆಂದು ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

"ಟೀಚರ್, ಇದಷ್ಟೂ ಒಬ್ಬರೇ ಕಟ್ಟಿರೋದು. ಯಾರು?"

ಗಂಗಾದೇವಿಯವರ ಮುಖ ಕೆಂಪಾಯಿತು. ಮೊದಲು ಮಕ್ಕಳೇ ಎಂದರು. ಆಮೇಲೆ ತಾವು ಸ್ವಲ್ಪ ಕೈ ಸೇರಿಸಿದ್ದಾಗಿ ಒಪ್ಪಿಕೊಂಡರು. ಕೊನೆಗೆ ಎಲ್ಲವೂ ಹೊರಬಂತು. ಬೆಳಗ್ಗೆ ಮಕ್ಕಳು ಪುಸ್ತಕ ನೋಡಿ ಕಟ್ಟಿದ್ದು ಒಂದೂ ನಿಂತಿರಲಿಲ್ಲ. ಎತ್ತಿದರೆ ಸಾಕು, ಹೂವೆಲ್ಲ ನೆಲಕ್ಕೆ. ಚಿತ್ರ ಬರೆದ ಅಕ್ಕ ಈಗ ಇಲ್ಲ, ಅವರ ತಾಯಿ ಬರುತ್ತಾರೆ, ಯಾರೂ ನೋಯಿಸುವ ಮಾತು ಬರೆಯಬೇಡಿ ಎಂದು ತಾವೇ ಮಕ್ಕಳಿಗೆ ಹೇಳಿದ್ದರು. ಬರಿಗೈ ತೋರಿಸಲು ಮನಸ್ಸಾಗದೆ ಊಟದ ಬಿಡುವಿನಲ್ಲಿ ಕೂತು ಕಟ್ಟಿಟ್ಟಿದ್ದರು.

ಅದರಲ್ಲಿ ಕೇಡು ಇರಲಿಲ್ಲ. ಶಶಿರೇಖಮ್ಮನಿಗೆ ಕೋಪವೂ ಬರಲಿಲ್ಲ. ಬಂದದ್ದು ಬೇರೆ ಒಂದು ಭಾವ: ಮನೆಗೆ ಹರಸಲು ಬಂದವರೆಲ್ಲ ಒಳಗೆ ಹೆಣವಿದೆಯೆಂದು ತಗ್ಗಿದ ದನಿಯಲ್ಲಿ ಮಾತಾಡಿದರೆ ಹೇಗೋ ಹಾಗೆ. ಇವರೆಲ್ಲ ಪುಸ್ತಕ ಓದಿರಲಿಲ್ಲ, ಸಾವನ್ನು ಓದಿದ್ದರು. ಹೆಡ್ಮಾಸ್ಟರೂ ಅಷ್ಟೆ, ವೈದ್ಯರೂ ಅಷ್ಟೆ. ಹೀಗೇ ಅಚ್ಚಾದರೆ ಇದು ಮಗಳ ಪುಸ್ತಕವಾಗುವುದಿಲ್ಲ, ಮಗಳ ಪಟವಾಗುತ್ತದೆ. ಪಟ ಮನೆಯಲ್ಲಿ ಒಂದು ಇತ್ತು, ಅದು ಸಾಕಾಗಿತ್ತು.

ಆಕೆ ಚಾಪೆಯ ಮೇಲೆ ಮಕ್ಕಳ ನಡುವೆ ಕೂತಳು. ಹೂವಿನ ಬುಟ್ಟಿಯನ್ನೂ ನೆನೆಸಿದ ನಾರನ್ನೂ ಎಳೆದುಕೊಂಡು, ಯಾರು ಕಟ್ಟಿ ತೋರಿಸುತ್ತೀರಿ ಎಂದು ಕೇಳಿದಳು. ಮಕ್ಕಳು ಟೀಚರ ಮುಖ ನೋಡಿದರು. ಟೀಚರು ನಂದಕುಮಾರನ ಮುಖ ನೋಡಿದರು. ಆಗ ಎರಡು ಜಡೆಯ ಒಂದು ಹುಡುಗಿ ಮುಂದೆ ಸರಿದಳು. ಹೆಸರು ಹಾಜಿರಾ, ತಂದೆಗೆ ಮಾರುಕಟ್ಟೆಯಲ್ಲಿ ಈರುಳ್ಳಿ ವ್ಯಾಪಾರ.

ಹಾಜಿರಾ ಪುಸ್ತಕವನ್ನು ಮುಂದಿಟ್ಟುಕೊಂಡು ಶುರುಮಾಡಿದಳು. ಎರಡು ಹೂ ಈ ಕಡೆಗೆ, ಎರಡು ಹೂ ಆ ಕಡೆಗೆ, ತೊಟ್ಟುಗಳು ನಡುವೆ ಕೂಡುವಂತೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಚಿತ್ರದಲ್ಲಿದ್ದಂತೆಯೇ ಇತ್ತು. ನಾರು ಒಂದು ಸುತ್ತು ಬಂತು. ಪುಟ ತಿರುಗಿಸಿದಳು. ಅಲ್ಲಿ ಹುಬ್ಬು ಗಂಟಾಯಿತು. ಚಿತ್ರ ನೋಡಿದಳು, ಕೈ ನೋಡಿಕೊಂಡಳು; ಹಿಡಿದ ಹೂವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಲು ಹೋದಳು. ಹೂವೆಲ್ಲ ಚಾಪೆಯ ಮೇಲೆ ಚೆಲ್ಲಿತು.

"ಅಜ್ಜೀ, ಬೈಯಲ್ಲ ತಾನೆ?" ಎಂದಳು.

"ಬೈಯಲ್ಲ, ಹೇಳು."

"ಈ ಪೇಜ್ ಗಂಟ ಹೂವು ಈ ಕೈಲಿ ಹಿಡ್ಕೊಂಡಿರೋದು. ಇಲ್ಲಿಂದ ಆ ಕೈಗೆ ಹೋಗ್ಬಿಡುತ್ತೆ. ಯಾವಾಗ ಹೋಯ್ತು ಅಂತ ಬುಕ್ಕಲ್ಲಿ ಬರ್ದೇ ಇಲ್ಲ. ನಾವು ಹೆಂಗ್ ಕಟ್ಟೋದು?"

ಹಿಂದಿನಿಂದ ಒಬ್ಬ ಹುಡುಗ, ಬುಕ್ಕಲ್ಲಿರೋ ಅಜ್ಜಿಗೆ ನಾಲ್ಕು ಕೈ ಇರಬೇಕು ಎಂದ. ಗಂಗಾದೇವಿ ಅವನನ್ನು ಗದರಿದರು. ಶಶಿರೇಖಮ್ಮ ಗದರಬೇಡಿ ಎಂದು ಕೈ ಸನ್ನೆ ಮಾಡಿ ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಎಷ್ಟು ಸಲ ನೋಡಿದ್ದ ಪುಟಗಳು. ಆದರೆ ಆಕೆ ಎಂದೂ ಚಿತ್ರ ನೋಡಿ ಹೂ ಕಟ್ಟಿದವಳಲ್ಲ; ಅಲ್ಲಿದ್ದದ್ದು ತನ್ನ ಕೈ, ಎಲ್ಲಿಂದ ನೋಡಿದರೂ ಸರಿಯಾಗಿಯೇ ಕಾಣುತ್ತಿತ್ತು. ಈಗ ಮಗುವಿನ ಕಣ್ಣಿಂದ ನೋಡಿದಳು. ಮೊದಲ ಪುಟಗಳಲ್ಲಿ ಕೈಗಳು ಎದುರಿನಿಂದ ಕಾಣುತ್ತವೆ, ಮೇಲೆ ಬಗ್ಗಿದ ತನ್ನ ಮುಖವೂ ಇದೆ. ನಡುಪುಟದ ನಂತರ ಮುಖವಿಲ್ಲ; ಕೈಗಳು ಈಚೆಯಿಂದ, ಕಟ್ಟುವವಳ ಕಣ್ಣಿಗೆ ಕಾಣುವಂತೆ ಇವೆ. ಗೆರೆಯೂ ಅಲ್ಲಲ್ಲಿ ನಡುಗಿದೆ.

ಏಕೆಂದು ಆಕೆಗಲ್ಲದೆ ಇನ್ನಾರಿಗೆ ಗೊತ್ತು? ಶ್ರಾವಣದಲ್ಲಿ ಸಂಯುಕ್ತಾ ಎದುರಿಗೆ ಮಣೆ ಹಾಕಿಕೊಂಡು ಕೂತು ಬರೆದಳು. ತಲೆ ಎತ್ತಬೇಡ ಅಮ್ಮ, ಚೆನ್ನಾಗಿ ಕಾಣ್ತೀಯ ಎಂದು ಕೀಟಲೆ ಮಾಡುತ್ತ ಬರೆದಳು. ನವರಾತ್ರಿಯ ಹೊತ್ತಿಗೆ ಕಾಯಿಲೆ ಬಲಿತು ಬೆನ್ನು ನಿಲ್ಲದಾಯಿತು. ಆಮೇಲೆ ತಾಯಿಯ ಹೆಗಲಿಗೆ ತಲೆ ಕೊಟ್ಟು ಒರಗಿಕೊಂಡು, ಹೆಗಲ ಮೇಲಿಂದ ನೋಡುತ್ತ ಉಳಿದದ್ದನ್ನು ಬರೆದು ಮುಗಿಸಿದಳು. ಪುಸ್ತಕದ ನಡುವೆ ಚಿತ್ರ ತಿರುಗಿದ್ದಲ್ಲ. ಮಗಳು ಎದುರಿನಿಂದ ಎದ್ದು ಪಕ್ಕಕ್ಕೆ ಬಂದಿದ್ದಳು.

ಶಶಿರೇಖಮ್ಮ ಮುನೇಶ್ವರನನ್ನು ಒಂದು ಗಳಿಗೆ ನೆನೆದಳು. ಮಕ್ಕಳು ಕಾಯುತ್ತಿದ್ದರು, ಹಾಜಿರಾ ಚೆಲ್ಲಿದ ಹೂವನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದಳು. ಕೆಲಸ ಮುಂದಿರುವಾಗ ಅಳುತ್ತ ಕೂರುವುದು ಆಕೆಯ ಜಾಯಮಾನವಲ್ಲ.

ಎದುರಿಗೆ ಕೂತವಳಿಗೆ ಕಂಡ ಕೈಯನ್ನು ಕಟ್ಟುವವಳಿಗೆ ಕಾಣುವಂತೆ ಮಾಡುವುದು ಹೇಗೆ? ಆಕೆ ಪುಸ್ತಕದ ಮೊದಲ ಪುಟ ತೆರೆದು, ಹಾಗೇ ಯೋಚಿಸುತ್ತ, ತಿರುಗಿಸಿ ತಲೆಕೆಳಗಾಗಿ ಇಟ್ಟಳು. ಸಂಯುಕ್ತಾ ಮೇಲಿನಿಂದ ಬಗ್ಗಿ ನೋಡಿ ಬರೆದದ್ದರಿಂದ ಕೈಗಳು ನೆಟ್ಟಗೆ ಬಂದು ತನ್ನ ಮುಂದೆ ನಿಂತವು. ಎಡಗೈ ಎಡಕ್ಕೆ, ಬಲಗೈ ಬಲಕ್ಕೆ. ಮುಂದಿನ ಪುಟಗಳೊಂದಿಗೆ ಕೂಡಿಕೊಂಡವು. ಹಾಜಿರಾಳಿಗೆ ಹಾಗೇ ಇಟ್ಟು ಕಟ್ಟಲು ಹೇಳಿದಳು. ನಡುಪುಟದಲ್ಲಿ ಪುಸ್ತಕವನ್ನು ಮತ್ತೆ ನೆಟ್ಟಗೆ ಮಾಡಿಕೊಟ್ಟಳು. ಹುಡುಗಿ ನಾಲಿಗೆ ಕಚ್ಚಿಕೊಂಡು ನಾರಿನ ಕುಣಿಕೆಯನ್ನು ತೊಟ್ಟಿನ ಮೇಲೆ ಇಳಿಸಿ ಜಗ್ಗಿದಳು. ಹೂ ನಿಂತಿತು.

ಆದರೆ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ತಲೆಕೆಳಗಾದ ಪುಟದ ಕೆಳಗೆ ಅಜ್ಜಿಯ ಮುಖವೂ ತಲೆಕೆಳಗಾಗಿ, ಕುಂಕುಮವಿಲ್ಲದ ಹಣೆ ನೆಲಕ್ಕೆ ತಾಗಿದಂತೆ ನೇತಾಡುತ್ತಿತ್ತು. ನಾಲ್ಕು ಕೈ ಎಂದಿದ್ದ ಹುಡುಗ, ಅಜ್ಜಿ ಬಾವಲಿ ಆದ್ರು ಎಂದ. ಶಶಿರೇಖಮ್ಮನಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಸೆರಗು ಬಾಯಿಗೆ ಹಿಡಿದುಕೊಳ್ಳಬೇಕಾಯಿತು.

ಸಂಜೆ ಆಕೆ ಯಶವಂತಪುರದ ಮಹಡಿಗೆ ಹೋದಾಗ ನಂದಕುಮಾರ ಕೂತುಕೊಳ್ಳುವ ಮುಂಚೆಯೇ ತಪ್ಪೊಪ್ಪಿಕೊಂಡ. ಅವನಿಗೆ ಗೊತ್ತಿತ್ತು. ಶಿಲ್ಪಳಿಗೂ ಗೊತ್ತಿತ್ತು. ನಡುಪುಟದಲ್ಲಿ ಕೈ ಅದಲುಬದಲಾದದ್ದು ಪುಟ ಜೋಡಿಸುವ ದಿನವೇ ಇಬ್ಬರಿಗೂ ಕಂಡಿತ್ತು.

"ಅವಳ ಕೊನೇ ಕೆಲಸ ಅಮ್ಮ. ಕೈ ಹಾಕೋಕೆ ಮನಸ್ಸು ಬರ್ಲಿಲ್ಲ," ಎಂದ. "ಹೂ ಕಟ್ಟೋದು ಕಲೀದೇ ಇದ್ರೂ ಪರ್ವಾಗಿಲ್ಲ, ನೋಡೋಕೆ ಒಂದು ಒಳ್ಳೇ ಪುಸ್ತಕ ಆಗುತ್ತೆ ಅಂದ್ಕೊಂಡ್ವಿ."

ಶಶಿರೇಖಮ್ಮ ಅವನನ್ನು ಕೂರಿಸಿ, ತಾನೂ ಕೂತಳು.

"ಉದುರೋ ಹಾರ ತಂದು ದೇವರ ಕೊರಳಿಗೆ ಹಾಕ್ತೀಯಾ ನಂದ? ಪಾಪ, ಕಟ್ಟಿದೋಳು ಸತ್ತೋದ್ಲು ಅಂತ?"

ಅವನು ಮುಂದಿಟ್ಟ ಕಚ್ಚಾ ಪ್ರತಿಯನ್ನು ಆಕೆ ತೆರೆದಳು.

"ಅವಳು ಇದ್ದಿದ್ರೆ ಇವತ್ತೇ ಕೂತು ತಿದ್ತಿದ್ಲು. ಅವಳಿಲ್ಲ, ನಾವಿದೀವಿ. ಅಷ್ಟೇ ವ್ಯತ್ಯಾಸ. ಮೊದಲ ಪುಟಗಳ ಚಿತ್ರ ತಿರುಗಿಸಿ ಹಾಕು. ತಲೆಕೆಳಗಾಗೋ ಮುಖ ಕತ್ತರಿಸು."

ಮುಖ ಎಂದ ಕೂಡಲೇ ಶಿಲ್ಪ ತಲೆ ಎತ್ತಿದಳು. ಆ ಮುಖ ಸಂಯುಕ್ತಾ ಬರೆದದ್ದರಲ್ಲೆಲ್ಲ ಚೆನ್ನಾಗಿದ್ದದ್ದು. ಅಭಿಪ್ರಾಯ ಬರೆದ ದೊಡ್ಡವರೆಲ್ಲ ಅದನ್ನೇ ಹೊಗಳಿದ್ದರು. ಆಂಟಿ, ಅದು ನಿಮ್ಮದು, ಅವಳು ನಿಮ್ಮನ್ನು ಬೇರೆಲ್ಲೂ ಬರೆದಿಲ್ಲ, ಎಂದಳು. ಪುಸ್ತಕದ ಕೊನೆಯಲ್ಲಾದರೂ ಚಿಕ್ಕದಾಗಿ ಹಾಕೋಣ, ಕೆಳಗೆ ಎರಡು ಸಾಲು ಬರೆಯೋಣ ಎಂದು ಬೇಡಿಕೊಂಡಳು.

ಶಶಿರೇಖಮ್ಮ ಚಿತ್ರವನ್ನು ದೀಪದ ಕೆಳಗೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ತನ್ನನ್ನು ಮಗಳು ಹೀಗೆ ಕಂಡಿದ್ದಳೇ ಎನಿಸಿತು. ಕೆನ್ನೆಯ ಸುಕ್ಕನ್ನು ಬಿಟ್ಟಿರಲಿಲ್ಲ, ಕಣ್ಣಿನ ಮೇಲಿನ ರೆಪ್ಪೆಯ ಭಾರವನ್ನೂ ಬಿಟ್ಟಿರಲಿಲ್ಲ; ಆದರೂ ಆ ಮುಖ ಸುಂದರವಾಗಿತ್ತು. ಅದನ್ನು ಇನ್ನೊಮ್ಮೆ ಬರೆಯುವವರಿಲ್ಲ. ಬೇಕೆಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಇಬ್ಬರೂ ಸಂತೋಷದಿಂದ ಹಾಗೇ ಬಿಡುತ್ತಿದ್ದರು.

"ಬೇಡಮ್ಮ," ಎಂದಳು. "ಕೊನೇಲಿ ಹಾಕಿದ್ರೆ ಅದನ್ನೇ ನೋಡಿ ಅಯ್ಯೋ ಪಾಪ ಅಂತಾರೆ. ಮಕ್ಕಳಿಗೆ ನನ್ನ ಮುಖ ಕಟ್ಟಿಕೊಂಡು ಏನಾಗ್ಬೇಕು? ಕೈ ಇದೆಯಲ್ಲ."

ಪೆನ್ಸಿಲನ್ನು ತಾನೇ ತೆಗೆದುಕೊಂಡು, ಕೈಗಳ ಮೇಲುಗಡೆ, ಸೆರಗಿನ ಅಂಚಿನ ಗುಂಟ ಕಚ್ಚಾ ಪ್ರತಿಯ ಮೇಲೆ ಒಂದು ಗೆರೆ ಎಳೆದಳು. ಶಿಲ್ಪ ಅತ್ತಳು. ನಂದಕುಮಾರ ಕಿಟಕಿಯ ಹತ್ತಿರ ಹೋಗಿ ನಿಂತು ಕೆಳಗಿನ ಲಾರಿಗಳನ್ನು ನೋಡಿದ. ಹೊರಡುವಾಗ ಶಶಿರೇಖಮ್ಮ ಇನ್ನೊಂದು ಮಾತು ಹೇಳಿದಳು: ಮುಂದಿನ ಓದಿನಲ್ಲಿ ಚಿತ್ರ ಬರೆದವಳು ಇದ್ದಾಳೋ ಇಲ್ಲವೋ ಎಂಬ ಸುದ್ದಿಯನ್ನು ಯಾರಿಗೂ ಹೇಳಕೂಡದು.

ಆಷಾಢ ಮುಗಿಯುವ ಮುಂಚೆ ಎರಡನೆಯ ಓದು ನಡೆಯಿತು. ಹೊಸ ಪ್ರತಿಯನ್ನು ಹೆಬ್ಬಾಳದ ಒಂದು ಶಾಲೆಗೂ ಗೊರಗುಂಟೆಪಾಳ್ಯಕ್ಕೂ ಕಳಿಸಿದರು. ಹೆಬ್ಬಾಳದ ಶಾಲೆಯಿಂದ ಬಂದ ಅಭಿಪ್ರಾಯಗಳು ಖಾರವಾಗಿದ್ದವು. ಕುಣಿಕೆ ಹಾಕುವ ಚಿತ್ರ ಚಿಕ್ಕದಾಯಿತು, ಅದು ಇಡೀ ಪುಟ ಬೇಕು. ಕನಕಾಂಬರದ ಬಣ್ಣ ಕಿತ್ತಳೆ ಹಣ್ಣಿನಂತಿದೆ. ಬಾಳೆನಾರು ಎಲ್ಲಿಂದ ತರುವುದು, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಳೆಗಿಡವಿಲ್ಲ. ಹುಡುಗರ ಕೈ ಯಾಕೆ ಬರೆದಿಲ್ಲ, ನಮ್ಮ ಬೀದಿಯಲ್ಲಿ ಹೂ ಕಟ್ಟುವವನು ಗಂಡಸೇ. ಶಶಿರೇಖಮ್ಮ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಎರಡೆರಡು ಸಲ ಓದಿದಳು. ಯಾರಿಗೂ ಕಣ್ಣು ತುಂಬಿರಲಿಲ್ಲ.

ಗೊರಗುಂಟೆಪಾಳ್ಯದ ಓದಿಗೆ ಆಕೆ ಹೋದಳು. ಈ ಸಲ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಳು. ಗಂಗಾದೇವಿ ಟೀಚರೂ ಹೊರಗೇ ಬಂದು ಪಕ್ಕದಲ್ಲಿ ಕೂತು, ತಮ್ಮ ಕೈಗಳನ್ನು ಮಡಿಲಲ್ಲಿ ಕಟ್ಟಿಹಾಕಿಕೊಂಡರು. ಒಳಗೆ ಗಲಾಟೆ, ಜಗಳ, ನಾರು ಎಳೆದಾಟ. ಬಹಳ ಹೊತ್ತಾದ ಮೇಲೆ ಹಾಜಿರಾ ಒಂದು ತುಂಡು ಹೂ ಹಿಡಿದು ಬಂದಳು. ಸೊಟ್ಟ ಸೊಟ್ಟ ಗಂಟು. ಒಂದು ಕಡೆ ದಟ್ಟ, ಒಂದು ಕಡೆ ಬೋಳು. ಶಶಿರೇಖಮ್ಮ ಅದನ್ನು ಒಂದು ತುದಿಯಲ್ಲಿ ಹಿಡಿದು ಎತ್ತಿ, ಜೋರಾಗಿ ಕೊಡವಿದಳು. ಒಂದು ಹೂವೂ ಉದುರಲಿಲ್ಲ. ಇನ್ನೂ ಜೋರಾಗಿ ಕೊಡವಿದಳು. ನಿಂತಿತು.

ಹಾಜಿರಾ ಗೆದ್ದವಳಂತೆ ಟೀಚರ ಮುಖ ನೋಡಿದಳು. ಆಮೇಲೆ ತನ್ನ ಅಭಿಪ್ರಾಯ ಹೇಳಿದಳು. ಬುಕ್ಕು ಈಗ ಪರವಾಗಿಲ್ಲ; ಆದರೆ ಅದರಲ್ಲಿ ಹೂ ದೇವರಿಗೆ ಅಂತ ಮಾತ್ರ ಬರೆದಿದೆ, ತಮ್ಮ ಮನೆಯಲ್ಲಿ ಮದುವೆಗೂ ಕಟ್ಟುತ್ತಾರೆ, ಅದನ್ನೂ ಹಾಕಬೇಕು. ಹಾಕಿಸುತ್ತೇನೆ, ನನ್ನ ಮಾತು ನಂದಕುಮಾರ ಮೀರುವುದಿಲ್ಲ ಎಂದಳು ಶಶಿರೇಖಮ್ಮ.

ಹೇಳುತ್ತ ಹೇಳುತ್ತ ಆಕೆ ಹೂವನ್ನು ಮಡಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳಲು ಹೋಗಿದ್ದಳು. ಮನೆಗೆ ಒಯ್ದು ಯಾವ ಪಟಕ್ಕೆ ಏರಿಸಬೇಕೆಂದು ಕೈಗೆ ತಾನಾಗಿ ತಿಳಿದಿತ್ತು.

"ಅಜ್ಜೀ, ಅದು ನಂದು," ಎಂದು ಹಾಜಿರಾ ಅಂಗೈ ಚಾಚಿದಳು.

"ನಿಂದೇ ಕಣಮ್ಮ," ಎಂದು ಶಶಿರೇಖಮ್ಮ ಗಂಟು ಬಿಚ್ಚಿ ಹೂವನ್ನು ಕೊಟ್ಟಳು. ಹುಡುಗಿ ಅದನ್ನು ತನ್ನ ಜಡೆಗೆ ತಾನೇ ಸಿಕ್ಕಿಸಿಕೊಳ್ಳಲಾರದೆ, ಬೆನ್ನು ತಿರುಗಿಸಿ ಆಕೆಯ ಮುಂದೆ ಕೂತಳು.